ಗಣಿ ಮುಚ್ಚಿದ ಮೇಲೆ ಕಾರ್ಮಿಕರ ವೈದ್ಯಕೀಯ ಕಡತಗಳನ್ನು ಎಷ್ಟು ಕಾಲ ಇಡಬೇಕು, ಯಾರು ಇಡಬೇಕು?

ಗಣಿಯ ಕಚೇರಿ ಖಾಲಿ ಮಾಡುವಾಗ ಕಾರ್ಮಿಕರ ವೈದ್ಯಕೀಯ ಕಡತಗಳನ್ನೂ ಹಳೆಯ ಲೆಕ್ಕಪತ್ರಗಳ ಜೊತೆಗೇ ವಿಲೇವಾರಿ ಮಾಡಬಹುದೇ ಎಂದು ಕೇಳಿದ್ದೀರಿ. ಖಂಡಿತ ಮಾಡಬಾರದು. ಸಿಲಿಕೋಸಿಸ್ (ಕಲ್ಲಿನ ದೂಳಿನಿಂದ ಬರುವ ಶ್ವಾಸಕೋಶದ ರೋಗ) ಸಾಮಾನ್ಯವಾಗಿ ದೂಳಿನಲ್ಲಿ ಹತ್ತಾರು ವರ್ಷ ದುಡಿದ ಮೇಲೆ, ಎಷ್ಟೋ ಸಲ ಕೆಲಸ ಬಿಟ್ಟು ಬಹುಕಾಲವಾದ ನಂತರ ಪತ್ತೆಯಾಗುತ್ತದೆ. ಕಲ್ನಾರಿನಿಂದ (ಆಸ್ಬೆಸ್ಟಾಸ್) ಬರುವ ಕ್ಯಾನ್ಸರಿಗೆ 30–40 ವರ್ಷವೂ ಹಿಡಿಯಬಹುದು. ಆ ಹೊತ್ತಿಗೆ ಪರಿಹಾರ ಕೇಳಲು ಬರುವವರಿಗೆ ಬಹುಮಟ್ಟಿಗೆ ಈ ಕಡತವೇ ಆಧಾರ. ಬ್ರಿಟನ್ನಿನಲ್ಲಿ ಅಪಾಯಕಾರಿ ವಸ್ತುಗಳ ನಡುವೆ ದುಡಿದವರ ಆರೋಗ್ಯ ದಾಖಲೆಯನ್ನು ಕೊನೆಯ ನಮೂದಿನಿಂದ 40 ವರ್ಷ ಇಡಬೇಕೆಂಬ ನಿಯಮವಿರುವುದು ಇದೇ ಕಾರಣಕ್ಕೆ. ನಿಮ್ಮ ಗಣಿಗೆ ಅನ್ವಯಿಸುವ ಅವಧಿಯನ್ನು ಗಣಿ ಸುರಕ್ಷತಾ ಇಲಾಖೆಯಿಂದ ಲಿಖಿತವಾಗಿಯೇ ಪಡೆಯಿರಿ.

ಕಂಪನಿಯೇ ಇಲ್ಲವಾದಾಗ ಕಡತ ಯಾರ ವಶದಲ್ಲಿರಬೇಕು ಎಂಬುದು ಇದಕ್ಕಿಂತ ಕಷ್ಟದ ಪ್ರಶ್ನೆ. ಅಮೆರಿಕದಲ್ಲಿ ಸಾಮಾನ್ಯ ಕೈಗಾರಿಕೆಗಳಿಗಿರುವ ನಿಯಮದ ಪ್ರಕಾರ ದಾಖಲೆಗಳು ಉತ್ತರಾಧಿಕಾರಿ ಸಂಸ್ಥೆಗೆ ಹೋಗಬೇಕು. ಅಂಥ ಸಂಸ್ಥೆ ಇಲ್ಲದಿದ್ದರೆ, ದಾಖಲೆ ಪಡೆಯುವ ಹಕ್ಕು ತಮಗಿದೆ ಎಂಬುದನ್ನು ಮುಚ್ಚುವ ಕನಿಷ್ಠ 3 ತಿಂಗಳು ಮೊದಲೇ ನೌಕರರಿಗೆ ತಿಳಿಸಬೇಕು. ಈ ಕ್ರಮ ಎಲ್ಲಿಯಾದರೂ ಅನುಸರಿಸಲು ಯೋಗ್ಯವೆಂದು ನನಗೆ ತೋರುತ್ತದೆ. ಕಡತಗಳನ್ನು ಕಾಪಾಡುವ ವೆಚ್ಚವನ್ನೂ ಮುಚ್ಚುವಿಕೆಯ ಆಯವ್ಯಯದಲ್ಲೇ ತೆಗೆದಿರಿಸಬೇಕು, ಏಕೆಂದರೆ ಆಮೇಲೆ ಕೇಳಲು ಯಾರೂ ಸಿಗುವುದಿಲ್ಲ.

ಕಡತದೊಳಗೆ ಏನಿದೆ ಎಂಬುದನ್ನೂ ನೋಡಿ. ಎಕ್ಸ್-ರೇ ವರದಿಯಲ್ಲಿ ‘ಸಹಜ’ ಎಂದಷ್ಟೇ ಬರೆದಿದ್ದರೆ ಮುಂದಿನ ವೈದ್ಯರಿಗೆ ಪ್ರಯೋಜನ ಕಡಿಮೆ. ಹಳೆಯ ಫಿಲ್ಮನ್ನು ಹೊಸದರ ಪಕ್ಕದಲ್ಲಿಟ್ಟು ನೋಡಿದಾಗಲೇ ಶ್ವಾಸಕೋಶದಲ್ಲಿ ಚುಕ್ಕೆಗಳು ಹೆಚ್ಚಿರುವುದು ತಿಳಿಯುತ್ತದೆ. ಹೀಗಾಗಿ ಫಿಲ್ಮುಗಳನ್ನು ಒಂದರ ಮೇಲೊಂದು ಒಟ್ಟದೆ, ತೇವವಿಲ್ಲದ ಕೋಣೆಯಲ್ಲಿ ನಿಲ್ಲಿಸಿ ಇಡಬೇಕು. (ಅವುಗಳಲ್ಲಿರುವ ಬೆಳ್ಳಿಗಾಗಿ ಗುಜರಿಯವರು ಹಣ ಕೊಡುತ್ತಾರೆಂಬುದು ನೆನಪಿರಲಿ, ಬೀಗ ಹಾಕಿಸುವುದು ಒಳ್ಳೆಯದು.) ಟೋಕನ್ ಸಂಖ್ಯೆಯಿಂದಲೇ ಗುರುತಿಸಿದ ಕಡತಗಳಿದ್ದರೆ, ಆ ಸಂಖ್ಯೆ ಯಾರದೆಂದು ತಿಳಿಸುವ ಹಾಜರಿ ಪುಸ್ತಕವೂ ಜೊತೆಗಿರಲೇಬೇಕು. ಯಾವ ವಿಭಾಗದಲ್ಲಿ ಯಾವಾಗ ಎಷ್ಟು ದೂಳಿತ್ತು ಎಂಬ ಅಳತೆಯ ದಾಖಲೆ ಹೆಚ್ಚಾಗಿ ಬೇರೆ ಕಪಾಟಿನಲ್ಲಿರುತ್ತದೆ. ಅದಿಲ್ಲದೆ ರೋಗಕ್ಕೂ ಕೆಲಸಕ್ಕೂ ಸಂಬಂಧ ತೋರಿಸುವುದು ಬಹಳ ಕಷ್ಟ.

ರೋಗದ ವಿವರಗಳು ಸಿಬ್ಬಂದಿ ವಿಭಾಗದವರ ಕೈಗೆ ಸಿಗಬಾರದು. ಹಸ್ತಾಂತರ ವೈದ್ಯಾಧಿಕಾರಿಯ ಸಹಿಯೊಂದಿಗೆ, ಮೊಹರು ಹಾಕಿದ ಪೆಟ್ಟಿಗೆಗಳಲ್ಲಿ ನಡೆಯಲಿ. ಪ್ರತಿಯೊಬ್ಬ ಕಾರ್ಮಿಕನಿಗೂ ಕೆಲಸದಿಂದ ಬಿಡುಗಡೆಯಾಗುವ ಸಮಯದ ವೈದ್ಯಕೀಯ ತಪಾಸಣೆ ಮಾಡಿಸಿ ಅವನ ಕಡತದ ಪ್ರತಿಯನ್ನು ಕೈಗೇ ಕೊಡಿ. ಗುತ್ತಿಗೆ ಕಾರ್ಮಿಕರ ದಾಖಲೆಗಳು ಗುತ್ತಿಗೆದಾರರ ಬಳಿ ಉಳಿದಿರುವ ಸಂಭವ ಹೆಚ್ಚು. ಅವರ ಕೊನೆಯ ಬಿಲ್ ಪಾವತಿಸುವ ಮೊದಲೇ ಅವನ್ನು ವಸೂಲು ಮಾಡಿಕೊಳ್ಳಿ.