ಮೇಲಿಂಗ್ ಲಿಸ್ಟ್ ಫಿಲ್ಟರ್: ಸಬ್ಜೆಕ್ಟ್ ಬಿಡಿ, ಹೆಡರ್ ಹಿಡಿಯಿರಿ

ಪ್ರಶ್ನೆ: ನಾನು ಕಾಲೇಜೊಂದರಲ್ಲಿ ಗ್ರಂಥಪಾಲಕಿ. ನಮ್ಮ ಗ್ರಂಥಾಲಯದ ನಿರ್ವಹಣೆಗೆ ಕೋಹಾ ಎಂಬ ಸಾಫ್ಟ್‌ವೇರ್ ಬಳಸುತ್ತೇವೆ. ಅದರ ಮೇಲಿಂಗ್ ಲಿಸ್ಟ್‌ಗೂ, ಅಂದರೆ ಒಬ್ಬರು ಬರೆದದ್ದು ಎಲ್ಲ ಸದಸ್ಯರಿಗೂ ಹೋಗುವ ಮೇಲ್ ಗುಂಪಿಗೂ ಸೇರಿದ್ದೇನೆ. ಸಬ್ಜೆಕ್ಟ್‌ನಲ್ಲಿ 'ಕೋಹಾ' ಎಂದಿದ್ದರೆ ಮೇಲ್ ಬೇರೆ ಫೋಲ್ಡರ್‌ಗೆ ಹೋಗುವ ಹಾಗೆ ಕಂಪ್ಯೂಟರ್‌ನಲ್ಲಿ ಮೇಲ್ ನೋಡಲು ಬಳಸುವ ಥಂಡರ್‌ಬರ್ಡ್‌ನಲ್ಲಿ ಫಿಲ್ಟರ್ ಮಾಡಿದ್ದೆ. ಹೋದ ವಾರ ಪ್ರಾಂಶುಪಾಲರು 'ಕೋಹಾ ವರದಿ ನಾಳೆಯೊಳಗೆ ಬೇಕು' ಎಂದು ಕಳಿಸಿದ ಮೇಲ್ ಕೂಡ ಅಲ್ಲಿಗೇ ಹೋಗಿಬಿಟ್ಟಿತ್ತು. ನಾನು ನೋಡಲೇ ಇಲ್ಲ. ಇನ್ನು ಸಂಜೆ ಮನೆಗೆ ಬಂದ ಮೇಲೆ ಫೋನ್ ತೆಗೆದರೆ ಲಿಸ್ಟ್‌ನ ಮೇಲ್‌ಗಳೆಲ್ಲ ಇನ್‌ಬಾಕ್ಸ್‌ನಲ್ಲೇ ರಾಶಿ ಬಿದ್ದಿರುತ್ತವೆ. ಏನು ಮಾಡಲಿ?

ಉತ್ತರ: ಪ್ರಾಂಶುಪಾಲರ ಮೇಲ್ ತಪ್ಪಿಹೋಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಫಿಲ್ಟರ್ ನೀವು ಹೇಳಿದ್ದನ್ನೇ ಮಾಡಿದೆ. ಆದರೆ ಸಬ್ಜೆಕ್ಟ್ ಅನ್ನೋದು ಯಾರು ಏನು ಬೇಕಾದರೂ ಬರೆಯುವ ಜಾಗ. ಅದನ್ನು ನಂಬಿದರೆ ಹೀಗೇ ಆಗುತ್ತದೆ.

ಹಾಗಾದರೆ ಕಳಿಸಿದವರ ವಿಳಾಸ ನೋಡಿ ಬೇರೆ ಮಾಡಬಹುದಲ್ವಾ ಅನ್ನಿಸಬಹುದು. ಅದೂ ಆಗುವುದಿಲ್ಲ. ಲಿಸ್ಟ್‌ಗೆ ಬರೆಯುವವರು ನೂರಾರು ಜನ, ಒಬ್ಬೊಬ್ಬರದು ಒಂದೊಂದು ವಿಳಾಸ. ಸಾಲದ್ದಕ್ಕೆ 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ನಿಯಮ ಬಿಗಿ ಮಾಡಿತು: ತನ್ನ ವಿಳಾಸ ಹಾಕಿ ಬೇರೆಯವರು ಕಳಿಸಿದ ಮೇಲ್ ಒಪ್ಪಬೇಡಿ ಎಂದಿತು. ಯಾಹೂ ವಿಳಾಸದಿಂದ ಬರೆದವರ ಮೇಲ್‌ಗಳನ್ನು ಲಿಸ್ಟ್ ಹಂಚಿದರೆ, ಬೇರೆ ಕಂಪನಿಗಳ ಸರ್ವರ್‌ಗಳು ಅವನ್ನು ವಾಪಸ್ ಕಳಿಸತೊಡಗಿದವು. ಆಗಿನಿಂದ ಎಷ್ಟೋ ಲಿಸ್ಟ್‌ಗಳು ಬರೆದವರ ವಿಳಾಸ ತೆಗೆದು ತಮ್ಮದೇ ವಿಳಾಸ ಹಾಕಿ ಕಳಿಸುತ್ತವೆ. ಒಂದೇ ಲಿಸ್ಟ್‌ನಲ್ಲಿ ಕೆಲವು ಹಾಗೆ, ಕೆಲವು ಹೀಗೆ.

ನಂಬಬಹುದಾದ ಗುರುತು ಮೇಲ್‌ನ ಹೆಡರ್‌ನಲ್ಲಿ, ಅಂದರೆ ಮೇಲ್‌ನ ತಲೆಭಾಗದಲ್ಲಿರುವ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ವಿವರಗಳ ಸಾಲುಗಳಲ್ಲಿದೆ. ಅದರ ಹೆಸರು ಲಿಸ್ಟ್-ಐಡಿ (List-Id). ಅಂಚೆ ಕಚೇರಿಯವರು ಲಕೋಟೆಯ ಮೇಲೆ ಒತ್ತುವ ಮೊಹರಿನ ಹಾಗೆ, ಲಿಸ್ಟ್‌ನ ಸಾಫ್ಟ್‌ವೇರ್ ತಾನು ಹಂಚುವ ಪ್ರತಿ ಮೇಲ್‌ಗೂ ಇದನ್ನು ಹಾಕುತ್ತದೆ. 2001ರಲ್ಲೇ ಇದಕ್ಕೆ ನಿಯಮ ಬಂದಿದೆ. ಯಾರು ಬರೆದರೂ, ಸಬ್ಜೆಕ್ಟ್ ಏನಿದ್ದರೂ ಈ ಮೊಹರು ಬದಲಾಗುವುದಿಲ್ಲ. ಪ್ರಾಂಶುಪಾಲರು ನೇರವಾಗಿ ಕಳಿಸಿದ ಮೇಲ್‌ನಲ್ಲಿ ಅದು ಇರುವುದಿಲ್ಲ.

ಥಂಡರ್‌ಬರ್ಡ್‌ನಲ್ಲಿ ಲಿಸ್ಟ್‌ನಿಂದ ಬಂದ ಒಂದು ಮೇಲ್ ತೆರೆದು ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿ. ಮೇಲ್‌ನ ಮೂಲರೂಪ ಕಾಣುತ್ತದೆ. ಅಲ್ಲಿ ಲಿಸ್ಟ್-ಐಡಿ ಎಂಬ ಸಾಲು ಹುಡುಕಿ, ಕೋನದ ಆವರಣದೊಳಗಿನ (< >) ಹೆಸರನ್ನು ಕಾಪಿ ಮಾಡಿಕೊಳ್ಳಿ. ಆಮೇಲೆ ಟೂಲ್ಸ್ ಮೆನುವಿನ ಮೆಸೇಜ್ ಫಿಲ್ಟರ್ಸ್‌ಗೆ ಹೋಗಿ ಹಳೆಯ ಫಿಲ್ಟರ್ ಅಳಿಸಿ, ಹೊಸದು ಶುರು ಮಾಡಿ. ಸಬ್ಜೆಕ್ಟ್ ಎಂದು ಕಾಣುವ ಪಟ್ಟಿಯಲ್ಲಿ ಲಿಸ್ಟ್-ಐಡಿ ಇರುವುದಿಲ್ಲ. ಬಹಳ ಜನ ಇಲ್ಲೇ ಕೈಬಿಡುತ್ತಾರೆ. ಪಟ್ಟಿಯ ಕೊನೆಯಲ್ಲಿ ಕಸ್ಟಮೈಸ್ ಇದೆ ನೋಡಿ, ಅದನ್ನು ಒತ್ತಿ ಲಿಸ್ಟ್-ಐಡಿ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಸೇರಿಸಿ. ನಡುವೆ ಅಡ್ಡಗೆರೆ ಬೇಕು, ಕೊನೆಗೆ ಕೋಲನ್ ಬೇಡ, ಹಾಕಿದರೆ ಒಪ್ಪುವುದಿಲ್ಲ. ಈಗ ಅದನ್ನೇ ಆರಿಸಿ, 'ಕಂಟೇನ್ಸ್' ಎಂದಿಟ್ಟು, ಕಾಪಿ ಮಾಡಿದ ಹೆಸರು ಅಂಟಿಸಿ, ಫೋಲ್ಡರ್ ತೋರಿಸಿ. ಹಳೆಯ ಮೇಲ್‌ಗಳಿಗೆ 'ರನ್ ನೌ' ಒತ್ತಿದರೆ ಸಾಕು.

ಇನ್ನು ಫೋನಿನ ವಿಷಯ. ಥಂಡರ್‌ಬರ್ಡ್‌ನ ಫಿಲ್ಟರ್ ಕೆಲಸ ಮಾಡುವುದು ಆ ಕಂಪ್ಯೂಟರ್‌ನಲ್ಲಿ ಥಂಡರ್‌ಬರ್ಡ್ ತೆರೆದಿರುವಾಗ ಮಾತ್ರ. ನೀವು ಅದನ್ನು ಮುಚ್ಚಿ ಮನೆಗೆ ಹೊರಟ ಮೇಲೆ ಮೇಲ್‌ಗಳನ್ನು ಎತ್ತಿಡುವವರು ಯಾರೂ ಇಲ್ಲ. ಆದ್ದರಿಂದ ನಿಮ್ಮಂಥವರಿಗೆ ಸರ್ವರ್‌ನಲ್ಲೇ, ಅಂದರೆ ಮೇಲ್ ಮೊದಲು ಬಂದು ಸೇರುವ ಕಂಪನಿಯ ಕಂಪ್ಯೂಟರ್‌ನಲ್ಲೇ ಫಿಲ್ಟರ್ ಹಾಕುವುದು ಒಳ್ಳೆಯದು. ನಿಮ್ಮ ಖಾತೆ ಜಿಮೇಲ್‌ನದ್ದಾದರೆ ಇದು ಇನ್ನೂ ಸುಲಭ. ಕಂಪ್ಯೂಟರ್‌ನ ಬ್ರೌಸರ್‌ನಲ್ಲೇ ಮಾಡಿ, ಫೋನಿನ ಆ್ಯಪ್‌ನಲ್ಲಿ ಆಗುವುದಿಲ್ಲ. ಲಿಸ್ಟ್‌ನ ಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, 'ಫಿಲ್ಟರ್ ಮೆಸೇಜಸ್ ಲೈಕ್ ದೀಸ್' ಆರಿಸಿ. ಲಿಸ್ಟ್‌ನ ಗುರುತನ್ನು ಜಿಮೇಲ್ ತಾನೇ ತುಂಬಿಕೊಡುತ್ತದೆ. 'ಸ್ಕಿಪ್ ದಿ ಇನ್‌ಬಾಕ್ಸ್' ಗುರುತು ಮಾಡಿ, ಒಂದು ಲೇಬಲ್ ಕೊಡಿ. 'ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್' ಕೂಡ ಗುರುತು ಮಾಡಿ. ಲಿಸ್ಟ್‌ನ ಮೇಲ್‌ಗಳು ಆಗಾಗ ಸ್ಪ್ಯಾಮ್‌ಗೆ ಬಿದ್ದುಬಿಡುತ್ತವೆ. ಇಷ್ಟಾದರೆ ಥಂಡರ್‌ಬರ್ಡ್‌ನ ಫಿಲ್ಟರ್ ಬೇಕಾಗಿಲ್ಲ. ಜಿಮೇಲ್‌ನ ಲೇಬಲ್ ಅಲ್ಲಿ ಫೋಲ್ಡರ್ ಆಗಿ ಕಾಣುತ್ತದೆ. ಆ ಫೋಲ್ಡರ್‌ನ ಪ್ರಾಪರ್ಟೀಸ್‌ನಲ್ಲಿ ಪ್ರತಿ ಸಲ ಹೊಸ ಮೇಲ್ ನೋಡು ಎಂಬುದಕ್ಕೆ ಗುರುತು ಹಾಕಲು ಮರೆಯಬೇಡಿ. ಇಲ್ಲದಿದ್ದರೆ ಹೊಸ ಮೇಲ್ ಬಂದದ್ದು ನೀವು ಫೋಲ್ಡರ್ ಒತ್ತುವವರೆಗೂ ತಿಳಿಯದೇ ಹೋಗಬಹುದು.

ಒಂದು ಮಾತು ಉಳಿಯಿತು. ನೀವು ಲಿಸ್ಟ್‌ನಲ್ಲಿ ಪ್ರಶ್ನೆ ಕೇಳಿದಾಗ ಕೆಲವರು ಲಿಸ್ಟ್‌ಗೂ ನಿಮಗೂ ಸೇರಿಸಿ ಉತ್ತರ ಕಳಿಸುತ್ತಾರೆ. ನಿಮಗೆ ನೇರವಾಗಿ ಬಂದ ಪ್ರತಿಯಲ್ಲಿ ಲಿಸ್ಟ್‌ನ ಮೊಹರು ಇರುವುದಿಲ್ಲ, ಹಾಗಾಗಿ ಅದು ಇನ್‌ಬಾಕ್ಸ್‌ನಲ್ಲೇ ನಿಲ್ಲುತ್ತದೆ. ಫಿಲ್ಟರ್ ಕೆಟ್ಟಿದೆ ಎಂದು ಅದನ್ನು ತಿದ್ದಲು ಹೋಗಬೇಡಿ. ನಿಮ್ಮ ಪ್ರಶ್ನೆಗೆ ಬಂದ ಉತ್ತರ ಕಣ್ಣಿಗೆ ಬೀಳಬೇಕಾದದ್ದು ಅಲ್ಲೇ.