ಡಿಗ್ರಿಗೆ ಹೊಸದಾಗಿ ಸೇರಿದ್ದೇನೆ. ಕಾಲೇಜಿನ ಸೌಲಭ್ಯಗಳನ್ನು ಚೆನ್ನಾಗಿ ಬಳಸಿಕೊಳ್ಳೋದು ಹೇಗೆ?

ಮೊದಲು ಲೈಬ್ರರಿಗೆ ಹೋಗಿ. ಪುಸ್ತಕ ತರೋದಕ್ಕಲ್ಲ, ಒಂದು ಮಾತು ಕೇಳೋದಕ್ಕೆ: "ಸರ್, ಎನ್-ಲಿಸ್ಟ್ ಲಾಗಿನ್ ಕೊಡ್ತೀರಾ?" ಕಾಲೇಜುಗಳಿಗಾಗಿ ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಆನ್‌ಲೈನ್ ಲೈಬ್ರರಿ ಸೇವೆ ಇದು. 6,000ಕ್ಕೂ ಜಾಸ್ತಿ ಜರ್ನಲ್, ಲಕ್ಷಕ್ಕೂ ಮೀರಿ ಇ-ಪುಸ್ತಕ, ಎಲ್ಲವನ್ನೂ ಮನೆಯಲ್ಲೇ ಕೂತು ಮೊಬೈಲಲ್ಲಿ ಓದಬಹುದು. ನಿಮ್ಮ ಕಾಲೇಜು ಸದಸ್ಯತ್ವ ಪಡೆದಿರಬೇಕು, ಅಷ್ಟೆ. ನನಗೆ ಇದು ಗೊತ್ತಾಗಿದ್ದು ಕೊನೇ ಸೆಮಿಸ್ಟರಿನಲ್ಲಿ. ಅಲ್ಲಿಯವರೆಗೆ ಜೆರಾಕ್ಸ್ ಅಂಗಡಿಗೆ ಸುರಿದ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಹಳೇ ಪ್ರಶ್ನೆಪತ್ರಿಕೆಗಳನ್ನು ಬೈಂಡ್ ಮಾಡಿ ಇಟ್ಟಿದ್ದಾರಾ ಅಂತಲೂ ಅಲ್ಲೇ ಕೇಳಿಬಿಡಿ.

ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಇದ್ದರೆ ಸೇರಿ. ವರ್ಷಕ್ಕೆ 120 ಗಂಟೆ ಸೇವೆ, ಜೊತೆಗೆ 7 ದಿನದ ಶಿಬಿರ. ಐವತ್ತು ಜನರಿಗೆ ಉಪ್ಪಿಟ್ಟು ಕೆದಕುವಾಗ ಆಗುವ ಗೆಳೆತನ ಕ್ಲಾಸಿನಲ್ಲಿ ಸುಮ್ನೆ ಕೂತರೆ ಆಗೋದಿಲ್ಲ.

ಇನ್ನು ಸ್ಕಾಲರ್‌ಶಿಪ್. ಕರ್ನಾಟಕದಲ್ಲಿ ಎಸ್‌ಎಸ್‌ಪಿ, ಅಂದ್ರೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಅಲ್ವಾ? ಅದಕ್ಕೂ ಮುಂಚೆ ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಿ. ಆಗಿಲ್ಲದಿದ್ದರೆ ಮಂಜೂರಾದ ಹಣವೂ ಸಿಕ್ಕಿಹಾಕಿಕೊಳ್ಳುತ್ತದೆ. ಕಾಲೇಜು ಆಫೀಸಿನಲ್ಲಿ ಸ್ಕಾಲರ್‌ಶಿಪ್ ಕೆಲಸ ಯಾರು ನೋಡ್ತಾರೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಕೊನೇ ದಿನ ಆ ಕಿಟಕಿ ಮುಂದೆ ನಿಲ್ಲೋಕೂ ಜಾಗ ಇರುವುದಿಲ್ಲ.