ವೇದಿಕೆಯ ಮೇಲೆ ಬೇಡ

ಇಲ್ಲಿ ಬರುವ ಹೆಸರುಗಳು ನಿಜವಲ್ಲ. ನೌಕರಿ, ಮನೆತನ, ಊರಿನ ವಿವರಗಳನ್ನು ಗುರುತು ಸಿಗದಷ್ಟು ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಎರಡನೆಯವರ ಒಪ್ಪಿಗೆಗೆ ಐದು ತಿಂಗಳು ಕಾದೆ.

ಶಿವಶರಣಪ್ಪನವರನ್ನು 2024ರ ಅಕ್ಟೋಬರಿನಲ್ಲಿ ಆಪ್ತ ಸಮಾಲೋಚನೆಗೆಂದು ನನ್ನ ಬಳಿಗೆ ಕರೆತಂದವರು ಅವರ ಹೆಂಡತಿ. ವಯಸ್ಸು ಐವತ್ತೇಳು, ಕಲಬುರಗಿಯ ಒಂದು ಕಚೇರಿಯಲ್ಲಿ ಸೂಪರಿಂಟೆಂಡೆಂಟ್, ನಿವೃತ್ತಿಗೆ ಇನ್ನು ಮೂರು ವರ್ಷ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ. ನಸುಕಿನಲ್ಲೇ ಎದ್ದು ಅಪ್ಪನ ಕೆರೆಯ ಕಡೆ ಹೋಗುತ್ತಾರೆ. “ವಾಕಿಂಗ್ ಎನ್ನುತ್ತಾರೆ ಮೇಡಂ, ಆದರೆ ಚಪ್ಪಲಿಗೆ ಧೂಳೇ ಹತ್ತಿರುವುದಿಲ್ಲ. ಕೆರೆ ನೋಡುತ್ತ ಕುಳಿತು ಬರುತ್ತಾರೆ” ಎಂದರು ಆಕೆ.

ನಸುಕಿನಲ್ಲಿ ಒಬ್ಬರೇ ಹೋಗಿ ಕೆರೆಯ ಮುಂದೆ ಕೂರುವವರನ್ನು ಸುತ್ತಿ ಬಳಸಿ ಕೇಳಬಾರದು. ಹೆಂಡತಿಯನ್ನು ಹೊರಗೆ ಕೂರಿಸಿ, ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತೆ ಎಂದು ಹಲವರು ನಂಬಿದ್ದಾರೆ, ಅದು ತಪ್ಪು. ಇಲ್ಲ ಎಂದರು. ಆದರೂ ಒಬ್ಬ ಮನೋವೈದ್ಯರ ಬಳಿ ಕಳಿಸಿದೆ, ಬಿಪಿ ನೋಡಿಸಿದೆ, 14416 ಬರೆದ ಚೀಟಿಯನ್ನು ಜೇಬಿಗೆ ಹಾಕಿ ಕಳಿಸಿದೆ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ನಂತರ ಎರಡು ಭೇಟಿಗಳನ್ನು ನಾನೇ ಹಾಳು ಮಾಡಿದೆ. ಕುರ್ಚಿ ಬಿಡುವ ಕಾಲ ಹತ್ತಿರವಾದ ಗಂಡಸರಿಗೆ ನಿದ್ದೆ ಕೆಡುವುದನ್ನು ಎಷ್ಟೋ ಕಂಡಿದ್ದೇನೆ. ಇದೂ ಅದೇ ಎಂದುಕೊಂಡು ಸಂಜೆಯ ಚಹಾ ಬಿಡಿಸಿ, ಮಲಗುವ ಹೊತ್ತಿಗೆ ಮೊಬೈಲ್ ದೂರ ಇಡಿ ಎಂದೆ. ಮೊಬೈಲ್ ಎಂದಾಗ ಅವರ ಮುಖ ಬದಲಾದದ್ದನ್ನು ಕಂಡೂ ಕೇಳದೆ ಬಿಟ್ಟೆ. ಮೂರನೇ ಭೇಟಿಯಲ್ಲಿ ಅವರೇ ಅದನ್ನು ನನ್ನ ಮೇಜಿನ ಮೇಲಿಟ್ಟು ಒಂದು ಚಿತ್ರ ತೋರಿಸಿದರು.

ಕಪ್ಪು-ಬಿಳುಪು ಚಿತ್ರ. 1984ರ ಎಸ್ಸೆಸ್ಸೆಲ್ಸಿ ತಂಡ, ಕಾಗಿಣಾ ದಂಡೆಯ ಒಂದು ಊರಿನ ಪ್ರೌಢಶಾಲೆ. ನಡುವೆ ಮಾಸ್ತರರು, ಹಿಂದೆ ಬೆಂಚಿನ ಮೇಲೆ ನಿಂತ ಹುಡುಗರು, ಒಂದು ತುದಿಯಲ್ಲಿ ಆರೇಳು ಹುಡುಗಿಯರು. ನಮ್ಮ ಕಡೆ ಈಗ ತೊಗರಿ ರಾಶಿಯ ಕಾಲ ಬಂದರೆ ಊರೂರಲ್ಲಿ ಗುರುವಂದನೆ, ಸ್ನೇಹ ಸಮ್ಮಿಲನ. ಶಾಲು, ಹಾರ, ಗುರುಗಳ ಮುಖಕ್ಕಿಂತ ಸಂಘಟಕರ ಮುಖವೇ ದೊಡ್ಡದಾಗಿರುವ ಬ್ಯಾನರು. ಈ ತಂಡಕ್ಕೂ ನಲವತ್ತು ವರ್ಷ ತುಂಬಿತ್ತು. ವಾಟ್ಸಾಪ್ ಗುಂಪಿನಲ್ಲಿ ಯಾರೋ ಚಿತ್ರ ಹಾಕಿ ಇದರಲ್ಲಿ ಯಾರಿಲ್ಲ ಹೇಳಿ ಎಂದು ಕೇಳಿದ್ದರು. ಕೆಳಗೆ ಒಬ್ಬರ ಉತ್ತರ: “ಟೂರಿನ ದುಡ್ಡು ಹೊಡೆದು ಓಡಿಹೋದ ಹಣಮಂತ!” ಅದರ ಕೆಳಗೆ ಹದಿನಾಲ್ಕು ನಗುಮುಖಗಳು.

“ಹಣಮಂತ ತೆಗೆದಿರಲಿಲ್ಲ ಮೇಡಂ” ಎಂದರು ಶಿವಶರಣಪ್ಪ. “ನಾನು ತೆಗೆದಿದ್ದೆ.”

ವಿಜಯಪುರದ ಗೋಲ್ ಗುಂಬಜ್ ನೋಡಲು ಹೋಗುವ ಟೂರು. ವಂತಿಗೆಯ ಹಣ ಇವರ ಕಂಪಾಸ್ ಪೆಟ್ಟಿಗೆಯಲ್ಲಿತ್ತು, ಏಕೆಂದರೆ ಇವರೇ ಮಾನಿಟರ್. ಅದೇ ವಾರ ಬಾಡಿಗೆ ಸೈಕಲ್ಲನ್ನು ಹಳ್ಳಕ್ಕೆ ಬೀಳಿಸಿ ರಿಮ್ಮು ಸೊಟ್ಟ ಮಾಡಿದ್ದರು. ಸೈಕಲ್ ಅಂಗಡಿಯವನು ಅಪ್ಪನಿಗೆ ಹೇಳುತ್ತೇನೆಂದು ಹೆದರಿಸಿದ್ದ. ಅರವತ್ತು ರೂಪಾಯಿ ತೆಗೆದು ಅವನ ಬಾಯಿ ಮುಚ್ಚಿಸಿದರು. ಲೆಕ್ಕ ಕೊಡುವ ದಿನ ಹಣ ಕಡಿಮೆ ಬಂದಾಗ ಮಾಸ್ತರರು ಪೆಟ್ಟಿಗೆಯ ಪಕ್ಕ ಯಾರು ಕೂರುತ್ತಿದ್ದರು ಎಂದು ಕೇಳಿದರು. ಕೂರುತ್ತಿದ್ದವನು ಹಣಮಂತ. ಅಪ್ಪ ಫರಸಿ ಕಲ್ಲಿನ ಗಣಿಯಲ್ಲಿ ಕೂಲಿ. ಹುಡುಕುವ ಕೆಲಸ ಅಲ್ಲಿಗೇ ಮುಗಿಯಿತು. ಇಡೀ ತರಗತಿಯ ಮುಂದೆ ಹೊಡೆತ ಬಿದ್ದವು. ಮರುದಿನ ಅವನಪ್ಪ ಬಂದು ಬಾಗಿಲ ಬಳಿ ನಿಂತು ಅರವತ್ತು ರೂಪಾಯಿ ಎಣಿಸಿಕೊಟ್ಟು ಹೋದ. ಹಣಮಂತ ಮತ್ತೆ ಶಾಲೆಗೆ ಬರಲಿಲ್ಲ. ಪರೀಕ್ಷೆಗೆ ನಾಲ್ಕು ತಿಂಗಳು ಇತ್ತು.

ಈಗ ಹಣಮಂತ ಪುಣೆಯಲ್ಲಿದ್ದಾನೆ, ಹೊಸ ಕಟ್ಟಡಗಳಿಗೆ ಟೈಲ್ಸ್ ಹಾಕಿಸುವ ಗುತ್ತಿಗೆ ಹಿಡಿಯುತ್ತಾನೆ ಎಂದು ಯಾರೋ ಪತ್ತೆ ಹಚ್ಚಿದ್ದರು. ಕಾರ್ಯಕ್ರಮಕ್ಕೆ ಕರೆಯುವುದೆಂದು ತೀರ್ಮಾನವಾಗಿತ್ತು. ಶಿವಶರಣಪ್ಪನವರ ನಿದ್ದೆ ಹೋದದ್ದು ಆ ವಾರದಿಂದ.

ತೀರ ಇತ್ತೀಚಿನ ವರ್ಷಗಳನ್ನು ಬಿಟ್ಟರೆ, ಹದಿಹರೆಯದಿಂದ ಮೂವತ್ತರವರೆಗಿನ ನೆನಪುಗಳು ವಯಸ್ಸಾದ ಮೇಲೂ ಉಳಿದ ವರ್ಷಗಳ ನೆನಪುಗಳಿಗಿಂತ ಒತ್ತಾಗಿ ನಿಲ್ಲುತ್ತವೆ. ಸ್ಮರಣೆಯ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ ಇದು. ಹಳೆಯ ಗೆಳೆಯರು ಸೇರಿದಾಗ ಆ ಒತ್ತು ನೆನಪುಗಳೆಲ್ಲ ಒಮ್ಮೆಗೇ ತೆರೆಯುತ್ತವೆ. ಬೇರೆಯವರಿಗೆ ಪೇರಲಕಾಯಿ ಕದ್ದದ್ದು ನೆನಪಾಗುವಾಗ ಇವರಿಗೆ ಬಾಗಿಲ ಬಳಿ ನಿಂತ ಆ ಅಪ್ಪ ನೆನಪಾಗುತ್ತಿದ್ದ.

ಮುಂದಿನ ಭೇಟಿಗೆ ಅವರು ತಯಾರಾಗಿಯೇ ಬಂದರು. ನಾಲ್ಕು ಪುಟ ಬರೆದಿದ್ದರು. ‘ಅನಿಸಿಕೆ’ಯ ಹೊತ್ತಿನಲ್ಲಿ ಮಾತನಾಡಲು ಸಂಘಟಕರಿಂದ ಹತ್ತು ನಿಮಿಷವನ್ನೂ ಕೇಳಿ ಪಡೆದಿದ್ದರು. ಎಲ್ಲರೆದುರು ತಪ್ಪೊಪ್ಪಿಕೊಂಡು, ಹಣಮಂತನಿಗೆ ಶಾಲು ಹೊದಿಸಿ, ಲಕೋಟೆಯಲ್ಲಿ ಒಂದು ಲಕ್ಷ ರೂಪಾಯಿ ಇಟ್ಟು ಕಾಲು ಮುಟ್ಟಬೇಕು. ಓದುತ್ತ ಅವರ ಕಣ್ಣು ತುಂಬಿದವು. ಚೆನ್ನಾಗಿಯೇ ಬರೆದಿದ್ದರು, ಅದೇ ನನಗೆ ಕಸಿವಿಸಿ. ನಾಲ್ಕು ಪುಟದಲ್ಲಿ ಹಣಮಂತನ ಹೆಸರು ಮೂರು ಕಡೆ ಇತ್ತು. ಬಾಡಿಗೆ ಸೈಕಲ್ಲಿಗೆ ಒಂದು ಪುಟ ಹೋಗಿತ್ತು.

ವಾದ ಮಾಡಲಿಲ್ಲ. ಎದುರಿನ ಖಾಲಿ ಕುರ್ಚಿ ತೋರಿಸಿ, “ಅಲ್ಲಿ ಹೋಗಿ ಕೂರಿ. ಈಗ ನೀವು ಹಣಮಂತ. ಸುತ್ತ ಎಂಬತ್ತು ಜನ ಇದ್ದಾರೆ, ಒಬ್ಬರು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದಾರೆ” ಎಂದೆ. ನಾನು ವೇದಿಕೆಯಿಂದ ಓದುವಂತೆ ಅವರ ಭಾಷಣ ಓದಿದೆ. ಎರಡನೇ ಪುಟಕ್ಕೆ ಅವರು ಕೈ ಎತ್ತಿ ನಿಲ್ಲಿಸಿದರು.

“ಎದ್ದು ಹೊರಗೆ ಹೋಗಬೇಕು ಎನಿಸುತ್ತದೆ.”

“ಹೋಗಲು ಬಿಡುತ್ತಾರೆಯೇ?”

“ಬಿಡುವುದಿಲ್ಲ. ಅಪ್ಪಿಕೋ ಎನ್ನುತ್ತಾರೆ.”

ವೇದಿಕೆ ಬೇಡ ಎಂದೆ. ಎಂಬತ್ತು ಜನ ಚಪ್ಪಾಳೆಗೆ ಕೈ ಎತ್ತಿರುವಾಗ ಹಣಮಂತನಿಗೆ ಕ್ಷಮಿಸುವುದೊಂದೇ ದಾರಿ ಉಳಿಯುತ್ತದೆ. ಅಂದು ತರಗತಿಯ ಮುಂದೆ ಅವನ ಬಾಯಿ ಕಟ್ಟಿತ್ತು, ಈಗ ಮತ್ತೊಮ್ಮೆ ಕಟ್ಟಿದಂತಾಗುತ್ತದೆ. ಹಣವೂ ಹಾಗೆಯೇ: ಮೊದಲ ಮಾತಿಗೇ ಲಕೋಟೆ ಮುಂದೆ ಬಂದರೆ, ತೆಗೆದುಕೊಂಡರೆ ಬೆಲೆ ಪಡೆದವನಾಗುತ್ತಾನೆ, ಬಿಟ್ಟರೆ ಸೊಕ್ಕಿನವನಾಗುತ್ತಾನೆ. ಕುಡಿತ ಬಿಡಲು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟಗಳ ಹನ್ನೆರಡು ಮೆಟ್ಟಿಲುಗಳಲ್ಲಿ ಒಂಬತ್ತನೆಯದು ಇದನ್ನೇ ಕುರಿತದ್ದು: ನೋಯಿಸಿದವರ ಬಳಿ ಹೋಗಿ ನೇರವಾಗಿ ಸರಿಪಡಿಸಿ, ಆದರೆ ಅದರಿಂದ ಅವರಿಗೆ ಅಥವಾ ಬೇರೆಯವರಿಗೆ ಗಾಯವಾಗುವಂತಿದ್ದರೆ ಬೇಡ. ಮೊದಲ ಅರ್ಧವನ್ನು ಎಲ್ಲರೂ ಒಪ್ಪುತ್ತಾರೆ. ಎರಡನೇ ಅರ್ಧಕ್ಕೆ ತಾಳ್ಮೆ ಬೇಕು.

ಹಾಗಾದರೆ ಸುಮ್ಮನಿದ್ದುಬಿಡಲೇ ಎಂದು ಕೇಳಿದರು. ಅದೂ ಆಗದು, ಏಕೆಂದರೆ ತಪ್ಪು ಶಾಲೆಯ ದಿನಗಳಲ್ಲೇ ಮುಗಿದಿರಲಿಲ್ಲ. ಗುಂಪಿನಲ್ಲಿ ಆ ನಗುಮುಖಗಳು ಇನ್ನೂ ಇದ್ದವು, ಇವರು ಅದನ್ನು ನೋಡಿ ಬಾಯಿ ಮುಚ್ಚಿಕೊಂಡಿದ್ದರು. ಮೊದಲು ಅದನ್ನು ನಿಲ್ಲಿಸಿ ಎಂದೆ. ಮೇಜಿನ ಮುಂದೆಯೇ ಕುಳಿತು ಬರೆದರು: “ಅದು ಸುಳ್ಳು. ಹಣಮಂತ ಹಣ ತೆಗೆದಿರಲಿಲ್ಲ.” ಬೆರಳು ನಡುಗುತ್ತಿತ್ತು, ನೂರು ಪ್ರಶ್ನೆ ಬರುತ್ತವೆ ಎಂದು ಹೆದರಿದ್ದರು. ಮೂವರು ಹೆಬ್ಬೆಟ್ಟು ಒತ್ತಿದರು. ಹಿಂದೆಯೇ ಯಾರೋ ಶುಭ ಮುಂಜಾನೆಯ ಹೂವಿನ ಚಿತ್ರ ಹಾಕಿದರು. ಮಧ್ಯಾಹ್ನ ಎರಡು ಗಂಟೆಗೆ.

ಎರಡನೆಯದು, ಹೆಂಡತಿಗೆ ಹೇಳುವುದು. ಆಕೆ ಕೇಳಿ, “ಅರವತ್ತು ರೂಪಾಯಿಗೆ ಇಷ್ಟೇಕೆ ನಿದ್ದೆ ಕೆಡಿಸಿಕೊಳ್ಳುತ್ತೀರಿ?” ಎಂದರಂತೆ. ಪ್ರೀತಿಯ ಮಾತೇ, ಆದರೆ ನೊಂದವನಿಗೆ ನಿನ್ನ ನೋವು ಸಣ್ಣದು ಎಂದಂತಾಗುತ್ತದೆ. ಗಣಿಯ ಕೂಲಿಯವನಿಗೆ ಆಗ ಅರವತ್ತು ರೂಪಾಯಿ ಎಂದರೆ ಏನು ಎಂಬುದನ್ನು ಆಕೆಗೂ ಬಿಡಿಸಿ ಹೇಳಬೇಕಾಯಿತು.

ಮೂರನೆಯದು ಫೋನು. ಇದರ ಮೇಲೆ ಎರಡು ವಾರ ಕುಳಿತೆವು. ಕಾರ್ಯಕ್ರಮಕ್ಕೆ ಸಾಕಷ್ಟು ಮುಂಚೆಯೇ ಮಾಡಿ. ಬರುವುದೋ ಬಿಡುವುದೋ ಎಂದು ಯೋಚಿಸಲು ಅವನಿಗೆ ಸಮಯ ಇರಲಿ. ಹಳೆಯ ಮಾತೊಂದಿದೆ, ಯಾವಾಗ ಮಾತನಾಡಬಹುದು ಎಂದು ಮೊದಲು ಕೇಳಿ. ಏನು ಮಾಡಿದಿರೋ ಅಷ್ಟನ್ನು ಹೇಳಿ. ಸೈಕಲ್ಲು, ಅಪ್ಪನ ಹೆದರಿಕೆ ಬೇಡ, ಅವನಾಗಿ ಕೇಳಿದರೆ ಮಾತ್ರ. ಕ್ಷಮಿಸಿದೆಯಾ ಎಂದು ಕೇಳಬೇಡಿ. ನಾನೇನು ಮಾಡಲಿ ಎಂದು ಕೇಳಿ, ಅವನು ಏನೂ ಬೇಡ ಎಂದರೆ ಅದಕ್ಕೂ ಒಪ್ಪಿ. ಅತ್ತರೆ ಅವನೇ ನಿಮ್ಮನ್ನು ಸಮಾಧಾನ ಮಾಡಬೇಕಾಗುತ್ತದೆ, ಅಳುವುದನ್ನು ನನ್ನ ಮುಂದೆ ಮುಗಿಸಿಕೊಂಡು ಹೋಗಿ ಎಂದೆ. ಈ ಕೊನೆಯ ಮಾತು ಕಟುವಾಯಿತು ಎಂದು ಆಮೇಲೆ ಅನಿಸಿತು. ಅವರು ಮಾತ್ರ ಅದನ್ನೇ ಹಿಡಿದುಕೊಂಡರು.

ನವೆಂಬರ್ ಕೊನೆಯ ಒಂದು ಭಾನುವಾರ ಮಾತಾಯಿತು. ಹಣಮಂತ ಗುರುತು ಹಿಡಿದು ಮೊದಲು ಖುಷಿಪಟ್ಟನಂತೆ: “ಶರಣ್ಯಾ, ನೀನಾ? ಎಲ್ಲಿದ್ದೀಯ?” ವಿಷಯ ಹೇಳಿ ಮುಗಿಸಿದ ಮೇಲೆ ಆ ಕಡೆ ಸದ್ದಿಲ್ಲ. ಕಲ್ಲು ಕೊಯ್ಯುವ ಯಂತ್ರದ ಶಬ್ದ ಮಾತ್ರ ಕೇಳುತ್ತಿತ್ತು. ಆಮೇಲೆ ಅವನು, “ನೀವು ಈಗ ಏಕೆ ಹೇಳುತ್ತಿದ್ದೀರಿ?” ಎಂದ. ಶಿವಶರಣಪ್ಪನವರು ಇದನ್ನು ನನಗೆ ಮೂರು ಸಲ ಹೇಳಿದರು. ಬೈದಿದ್ದರೆ ತಾಳಿಕೊಳ್ಳುತ್ತಿದ್ದರು, ‘ನೀನು’ ಹೋಗಿ ‘ನೀವು’ ಬಂದದ್ದು ತಾಳಲಾಗಲಿಲ್ಲ. ನಮ್ಮ ಭಾಷೆಯಲ್ಲಿ ದೂರ ತಳ್ಳಲು ಗಟ್ಟಿ ದನಿಯೂ ಬೇಕಿಲ್ಲ.

ಏನು ಮಾಡಲಿ ಎಂದು ಕೇಳಿದ್ದಕ್ಕೆ ಹತ್ತು ದಿನಗಳ ನಂತರ ಉತ್ತರ ಬಂತು. ಗುಂಪಿನವರಿಗೆ ಹೇಳುವುದು ಬೇಡ, ಅವರು ತನಗೆ ಏನೂ ಅಲ್ಲ. ಅಪ್ಪ ಸಾಯುವವರೆಗೂ ಮಗ ಕಳ್ಳ ಎಂದೇ ನಂಬಿದ್ದ. ಅಪ್ಪನಿಗೆ ಈಗ ಹೇಳಲಾಗದು. ಶಹಾಬಾದಿನಲ್ಲಿ ಅಕ್ಕ ಇದ್ದಾಳೆ. ಅರವತ್ತು ರೂಪಾಯಿ ಬಂದದ್ದು ಅವಳ ಬೆಳ್ಳಿಯ ಕಾಲ್ಗಡಗ ಒತ್ತೆ ಇಟ್ಟು. ಹೇಳುವುದಿದ್ದರೆ ಅವಳಿಗೆ ಹೇಳಿ.

ಶಹಾಬಾದ್ ಕಲಬುರಗಿಯಿಂದ ವಾಡಿಯ ಕಡೆಗೆ ಹೋಗುವ ರೈಲು ದಾರಿಯಲ್ಲೇ ಇದೆ. ಆದರೂ ಹೊರಡಲು ಇವರಿಗೆ ಮೂರು ವಾರ ಹಿಡಿಯಿತು. ನಾನೂ ಬರಬೇಕೆಂದು ಕೇಳಿದರು. ಒಲ್ಲೆ ಎಂದೆ. ಮೂರನೆಯವರ ಮುಂದೆ ಆಕೆ ಬಾಯಿ ಬಿಚ್ಚಿ ಬೈಯಲಾರಳು.

ಭೀಮಬಾಯಿಗೆ ಅರವತ್ತೈದರ ಮೇಲೆ ವಯಸ್ಸು. ಫರಸಿ ಹಾಸಿದ ಅಂಗಳ, ಒಂದು ಕೋಣೆಯ ಮನೆ. ಇವರು ನೆಲದ ಮೇಲೆ ಕುಳಿತು ಹೇಳಿದ್ದನ್ನು ಪೂರ್ತಿ ಕೇಳಿದರು. ಬೈಯಲಿಲ್ಲ. ತಮ್ಮ ತೆಗೆದಿಲ್ಲ ಎಂದು ತನಗೆ ಗೊತ್ತಿತ್ತು, ಅಪ್ಪನಿಗೆ ಎಷ್ಟು ಹೇಳಿದರೂ ಅವನು ಮಾಸ್ತರರ ಮಾತನ್ನೇ ನಂಬಿದ ಎಂದರು. ಕಾಲ್ಗಡಗ ಬಿಡಿಸಿಕೊಳ್ಳಲಾಗಲಿಲ್ಲವಂತೆ. ನಾನು ಬೇಡವೆಂದರೂ ಶಿವಶರಣಪ್ಪ ಸರಾಫನ ಅಂಗಡಿಯಿಂದ ಒಂದು ಜೊತೆ ತಂದು ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದರು. ಅದನ್ನು ಹೊರಗೆ ತೆಗೆಯುವ ಧೈರ್ಯ ಅವರಿಗೆ ಬರಲಿಲ್ಲ.

ಭೀಮಬಾಯಿ ಎದ್ದು ಪಕ್ಕದ ಮನೆಯಿಂದ ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗನನ್ನು ಕರೆತಂದು ಕೂರಿಸಿದರು. ಆ ಮನೆಯಲ್ಲಿ ಏನಾದರೂ ಕಾಣೆಯಾದರೆ “ಪುಣೆಯ ಮಾಮನಿಗೆ ಫೋನ್ ಹಚ್ಚು” ಎಂದು ನಗುವ ರೂಢಿ ಇತ್ತು. ಮಕ್ಕಳು ಯಾಕೆಂದು ತಿಳಿಯದೆಯೇ ಕಲಿತು ನಗುತ್ತಿದ್ದರು. “ತಮ್ಮಾ, ಈಗ ಹೇಳಿದೆಯಲ್ಲ, ಅದನ್ನು ಇವರ ಮುಂದೆ ಇನ್ನೊಮ್ಮೆ ಹೇಳು” ಎಂದರು.

ಇವರು ಇನ್ನೊಮ್ಮೆ ಹೇಳಿದರು. ಎಂಬತ್ತು ಜನರ ಮುಂದೆ ಹೇಳಲು ತಯಾರಿದ್ದವರಿಗೆ ಆ ಮೂವರ ಮುಂದೆ ನಾಲಿಗೆ ಒಣಗಿತಂತೆ. ನಾಲ್ಕು ಪುಟದ್ದು ನಾಲ್ಕು ವಾಕ್ಯದಲ್ಲಿ ಮುಗಿಯಿತು. ಸೊಸೆ ಚಹಾ ತಂದುಕೊಟ್ಟಳು.

ಗುರುವಂದನೆ ಎಳ್ಳಮಾವಾಸ್ಯೆ ಕಳೆದ ಎರಡನೇ ಭಾನುವಾರ ನಡೆಯಿತು. ಹಣಮಂತ ಬಂದಿದ್ದ. ಹೊಡೆದ ಮಾಸ್ತರರು ಎಂಬತ್ತು ದಾಟಿದ್ದಾರೆ. ಎಲ್ಲರೂ ಸಾಲಾಗಿ ಕಾಲು ಮುಟ್ಟುವಾಗ ಅವನು ನೀರು ಕುಡಿಯಲು ಎದ್ದುಹೋದ. ಮುಟ್ಟಬೇಕಾಗಿಯೂ ಇರಲಿಲ್ಲ. ಶಿವಶರಣಪ್ಪ ತಮ್ಮ ಹತ್ತು ನಿಮಿಷವನ್ನು ಸಂಘಟಕರಿಗೆ ಬಿಟ್ಟುಕೊಟ್ಟರು, ಅವರು ಅದರಲ್ಲಿ ಇಪ್ಪತ್ತು ನಿಮಿಷ ಮಾತನಾಡಿದರು. ಊಟಕ್ಕೆ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ. ಒಂದೇ ಪಂಕ್ತಿಯಲ್ಲಿ ಇಬ್ಬರ ನಡುವೆ ಮೂವರು ಕುಳಿತಿದ್ದರು.

ನಿದ್ದೆ ಈಗ ಐದು ತಾಸಿಗೆ ಏರಿದೆ, ಮನೋವೈದ್ಯರು ಮಾತ್ರೆ ಇಳಿಸುತ್ತಿದ್ದಾರೆ. ಕಾಲ್ಗಡಗ ಇನ್ನೂ ಇವರ ಕಪಾಟಿನಲ್ಲಿದೆ. ಹಣಮಂತ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾನೆ. ಹೋದ ತಿಂಗಳು ಭೇಟಿಗೆ ಬಂದಾಗ ಶಿವಶರಣಪ್ಪ, “ಇನ್ನೂ ನೀವು ಎಂದೇ ಮಾತನಾಡುತ್ತಾನೆ ಮೇಡಂ. ಹಾಗನ್ನಬೇಡ ಎಂದು ನಾನೇ ಹೇಳಿಬಿಡಲೇ?” ಎಂದು ಕೇಳಿದರು.

ಹೇಳಬೇಡಿ ಎಂದೆ.